ಡಾಗ್ ಫ್ರೆಂಡ್ಲಿ ಅಂದ್ರೆ ಯಾರಿಗೆ ಫ್ರೆಂಡ್ಲಿ?

ಮಳೆಗಾಲ ಮುಗಿದು ಘಟ್ಟದ ರಸ್ತೆ ಒಣಗೋ ಹೊತ್ತಿಗೆ ನಮ್ಮ ಫೋನುಗಳಲ್ಲಿ ಒಂದು ಜಾತಿಯ ವಿಡಿಯೋ ಶುರುವಾಗುತ್ತೆ. ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿದ ಗೋಲ್ಡನ್ ರಿಟ್ರೀವರ್, ಶಿರಸಿ ಕಡೆಯ ತಿರುವುಗಳು, ಹೊಳೆಯಲ್ಲಿ ಈಜು, ಆಮೇಲೆ ಕುಮಟಾ ಹತ್ತಿರದ ಯಾವುದೋ ಖಾಲಿ ಬೀಚಿನಲ್ಲಿ ಓಟ. ಹಿನ್ನೆಲೆಗೆ ಒಂದು ಗಿಟಾರ್. ಕೆಳಗೆ ಒಂದು ಸಾಲು: ನೂರಕ್ಕೆ ನೂರು ಡಾಗ್ ಫ್ರೆಂಡ್ಲಿ, ಸೇವ್ ಮಾಡ್ಕೊಳ್ಳಿ. ಮನೇಲಿ ನಾಯಿ ಇರೋ ನಾವೆಲ್ಲ ಸೇವ್ ಮಾಡ್ಕೊಳ್ತೀವಿ ಕೂಡ.

ಸಿನಿಮಾಗೆ ವಿಮರ್ಶೆ ಬರೀತೀವಿ, ಕಾದಂಬರಿಗೆ ಬರೀತೀವಿ. ನಮ್ಮ ರಜೆ ಎಲ್ಲಿ ಕಳೀಬೇಕು ಅಂತ ನಿಜವಾಗಿ ತೀರ್ಮಾನ ಮಾಡೋದು ಮಾತ್ರ ಈ ರೀಲು, ಈ ಕ್ಯಾಪ್ಷನ್ನು, ಹೋಮ್‌ಸ್ಟೇಯವರ ಎರಡು ಪ್ಯಾರಾ, 'ನಾಯಿ ಜೊತೆ ಹೋಗಬಹುದಾದ ಹತ್ತು ಜಾಗ' ಅನ್ನೋ ಪಟ್ಟಿ. ಇದೂ ಪ್ರವಾಸ ಬರಹವೇ. ಲಕ್ಷಾಂತರ ಜನ ಓದ್ತಾರೆ, ಓದಿದ ಹಾಗೇ ನಡ್ಕೊಳ್ತಾರೆ. ಹಾಗಾಗಿ ಇದನ್ನೂ ಒಂದು ಸಾಹಿತ್ಯ ಪ್ರಕಾರ ಅಂತ ಹಿಡಿದು, ಏನು ಹೇಳುತ್ತೆ, ಏನು ಬಿಡುತ್ತೆ ಅಂತ ನೋಡೋಣ. ಎಲ್ಲ ಕಡೆಯದ್ದೂ ಬೇಡ, ಒಂದೇ ದಾರಿ ತಗೊಳ್ತೀನಿ: ಅಘನಾಶಿನಿ ನದಿಯ ಕಣಿವೆ, ಆಮೇಲೆ ಅದು ಸಮುದ್ರ ಸೇರುವಲ್ಲಿ ಕುಮಟಾದಿಂದ ಗೋಕರ್ಣದವರೆಗಿನ ಕರಾವಳಿ. ಬೆಂಗಳೂರು, ಹುಬ್ಬಳ್ಳಿಯಿಂದ ನಾಯಿ ಕರ್ಕೊಂಡು ಹೊರಡೋರ ಪಟ್ಟಿಗಳಲ್ಲಿ ಈ ದಾರಿ ತಪ್ಪದೆ ಇರುತ್ತೆ.

ನನ್ನ ತಕರಾರು ಇಷ್ಟೇ. ಈ ಬರಹಗಳಲ್ಲಿ 'ಡಾಗ್ ಫ್ರೆಂಡ್ಲಿ' ಅನ್ನೋ ಪದಕ್ಕೆ ಇರೋ ಒಂದೇ ಅರ್ಥ, 'ನಮ್ಮನ್ನ ಯಾರೂ ತಡೀಲಿಲ್ಲ'. ನಾಯಿಗೆ ಆ ಜಾಗ ಹಿತವೇ, ಆ ಜಾಗಕ್ಕೆ ನಾಯಿ ಹಿತವೇ, ಅಲ್ಲಿ ಇರೋರು ಏನಂತಾರೆ, ಈ ಮೂರೂ ಪ್ರಶ್ನೆ ಆ ಪದದೊಳಗೆ ಇಲ್ಲ.

ಕಣಿವೆಯಿಂದಲೇ ಶುರು ಮಾಡೋಣ. ಅಘನಾಶಿನಿ ಶಿರಸಿ ಭಾಗದಲ್ಲಿ ಹುಟ್ಟಿ, ಸಿದ್ದಾಪುರ ತಾಲ್ಲೂಕಿನಲ್ಲಿ 116 ಮೀಟರ್ ಎತ್ತರದಿಂದ ಉಂಚಳ್ಳಿ ಜಲಪಾತವಾಗಿ ಧುಮುಕಿ, ಕುಮಟಾ ಹತ್ತಿರ ಸಮುದ್ರ ಸೇರುತ್ತೆ. ಪಶ್ಚಿಮಕ್ಕೆ ಹರಿಯೋ ನಮ್ಮ ನದಿಗಳಲ್ಲಿ ದೊಡ್ಡ ಅಣೆಕಟ್ಟು ಇಲ್ಲದೆ ಉಳಿದಿರೋ ಕೆಲವೇ ಕೆಲವದರಲ್ಲಿ ಇದೂ ಒಂದು. ರೀಲುಗಳಲ್ಲಿ ಇಷ್ಟು ಬಂದ್ರೂ ಬರುತ್ತೆ, 'ಕನ್ಯೆ ನದಿ' ಅಂತ ಒಂದು ವಿಶೇಷಣದ ಜೊತೆ. ಬರದೇ ಇರೋದು ಮುಂದಿನದು.

ಈ ಕಣಿವೆಯ ಕಾಡು ಸಿಂಗಳೀಕಗಳ ಮನೆ. ಪಶ್ಚಿಮಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಕಾಡಿನಲ್ಲಿ ಸಿಗದ ಕೋತಿ ಅದು. ಅದಕ್ಕೋಸ್ಕರವೇ 2011ರಲ್ಲಿ ಇಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಮಾಡಿದರು. 2019ರಲ್ಲಿ ಅದನ್ನ ಶರಾವತಿ ಕಣಿವೆ ಅಭಯಾರಣ್ಯದ ಜೊತೆ ಸೇರಿಸಿ ದೊಡ್ಡ ಸಿಂಗಳೀಕ ಅಭಯಾರಣ್ಯ ಮಾಡಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಭಯಾರಣ್ಯದೊಳಗೆ ಹೋಗೋಕೆ ಅನುಮತಿ ಬೇಕು. ಅದೇ ಕಾಯ್ದೆಯಲ್ಲಿ 'ಬೇಟೆ' ಅನ್ನೋ ಪದದ ವ್ಯಾಖ್ಯೆ ಓದಿ ನೋಡಿ: ಕೊಲ್ಲೋದು ಮಾತ್ರ ಬೇಟೆ ಅಂತ ಇಲ್ಲ, ಪ್ರಾಣಿಯನ್ನ ಅಟ್ಟಿಸಿಕೊಂಡು ಹೋಗೋದೂ ಸೇರಿದೆ. ಮುದ್ದು ಲ್ಯಾಬ್ರಡಾರ್ ಒಂದು ಬರಿಂಕದ ಹಿಂದೆ ಓಡಿದ ವಿಡಿಯೋಗೆ ನಗುವ ಇಮೋಜಿ ಹಾಕೋ ಮೊದಲು ಈ ವಾಕ್ಯ ನೆನಪಿರಲಿ.

ಓಡಿಸೋದಕ್ಕಿಂತ ದೊಡ್ಡ ಸಮಸ್ಯೆ ಕಣ್ಣಿಗೆ ಕಾಣಲ್ಲ. 1994ರಲ್ಲಿ ತಾಂಜಾನಿಯಾದ ಸೆರೆಂಗೆಟಿಯಲ್ಲಿ ಸಿಂಹಗಳಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಸತ್ತವು. ಕಾರಣ ಡಿಸ್ಟೆಂಪರ್ ವೈರಸ್, ನಮ್ಮ ನಾಯಿಮರಿಗಳಿಗೆ ಲಸಿಕೆ ಹಾಕಿಸ್ತೀವಲ್ಲ, ಅದೇ ಕಾಯಿಲೆ. ಅದರ ಜಾಡು ಹಿಡಿದಾಗ ಸುತ್ತಲಿನ ಊರುಗಳ ಸಾಕುನಾಯಿಗಳ ಕಡೆ ಹೋಯ್ತು. ಲಸಿಕೆಯ ಕಾರ್ಡ್ ಪೂರ್ತಿ ಇಲ್ಲದ ನಾಯಿ ಕಾಡಂಚಿಗೆ ಹೋಗಬಾರದು ಅನ್ನೋದಕ್ಕೆ ಇಷ್ಟು ಕಾರಣ ಸಾಕು. ಇಲ್ಲಿಯವರೆಗೆ ನಾನು ನೋಡಿದ ಯಾವ 'ಪ್ಯಾಕಿಂಗ್ ಲಿಸ್ಟ್' ರೀಲಿನಲ್ಲೂ ಆ ಕಾರ್ಡ್ ಕಾಣಲಿಲ್ಲ. ಬೋ ಟೈ ಕಂಡಿದೆ.

ಇನ್ನು ಉಣುಗು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರ ತಾಲ್ಲೂಕು ಅದಕ್ಕೆ ದೂರವಲ್ಲ, ಅಲ್ಲೂ ಈಚಿನ ವರ್ಷಗಳಲ್ಲಿ ಜನ ಸತ್ತಿದ್ದಾರೆ. ಕಾಡಿನ ಉಣುಗು ಕಚ್ಚಿ ಹರಡೋ ಕಾಯಿಲೆ ಇದು. ಕಾಟ ಹೆಚ್ಚಾಗೋದು ಡಿಸೆಂಬರಿನಿಂದ ಮೇವರೆಗೆ. ಅಂದ್ರೆ ಸರಿಯಾಗಿ ನಮ್ಮ ಟ್ರೆಕ್ಕಿಂಗ್ ಸೀಸನ್. ಆ ತಿಂಗಳುಗಳಲ್ಲಿ ಅಲ್ಲಿನ ಜನ ಸೊಪ್ಪು, ಸೌದೆಗೆ ಕಾಡಿಗೆ ಹೋಗುವಾಗ ಆರೋಗ್ಯ ಇಲಾಖೆಯವರು ಕೊಟ್ಟ ಎಣ್ಣೆ ಕೈಕಾಲಿಗೆ ಹಚ್ಕೊಂಡು ಹೋಗ್ತಾರೆ. ನಮ್ಮ ನಾಯಿ ಅದೇ ತರಗೆಲೆಯ ಮೇಲೆ ಹೊರಳಾಡಿ, ಮೈಮೇಲೆ ಏನೇನು ಹತ್ತಿಸ್ಕೊಂಡಿದೆಯೋ ಅದರ ಸಮೇತ ಬಂದು ಟೆಂಟಿನಲ್ಲಿ ನಮ್ಮ ಪಕ್ಕ ಮಲಗುತ್ತೆ. ನಾಯಿಗೂ ಸುಖವಿಲ್ಲ, ಉಣುಗಿನಿಂದ ಅದಕ್ಕೆ ಬರೋ ಬೇರೆ ಜ್ವರಗಳು ಎಷ್ಟು ಹಣ್ಣು ಮಾಡುತ್ತವೆ ಅಂತ ನಾಯಿ ಸಾಕಿದ ಯಾರನ್ನ ಬೇಕಾದ್ರೂ ಕೇಳಿ. ರೀಲಿನಲ್ಲಿ ಬರೋದು 'ಸನ್‌ಸೆಟ್ ಕಡಲ್ಸ್ ಇನ್ ದ ಟೆಂಟ್'.

ಸರಿ, ಉಣುಗಿಗೆ ಔಷಧ ಇದೆಯಲ್ಲ, ಕುತ್ತಿಗೆ ಹಿಂದೆ ನಾಲ್ಕು ಹನಿ ಬಿಟ್ಟರಾಯ್ತು ಅನ್ನಬಹುದು. ಇಲ್ಲೊಂದು ಸಿಕ್ಕು ಇದೆ. ಆ ಹನಿಗಳಲ್ಲಿ ಸಾಮಾನ್ಯವಾಗಿ ಇರೋ ಫಿಪ್ರೊನಿಲ್, ಇಮಿಡಾಕ್ಲೋಪ್ರಿಡ್ ಎರಡೂ ಕೀಟನಾಶಕಗಳೇ. 2020ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಇಂಗ್ಲೆಂಡಿನ 20 ನದಿಗಳ ನೀರಿನ ದಾಖಲೆ ನೋಡಿದಾಗ ಬಹುತೇಕ ಎಲ್ಲ ಮಾದರಿಗಳಲ್ಲೂ ಫಿಪ್ರೊನಿಲ್ ಇತ್ತು. ಹೊಲಗಳಲ್ಲಿ ಅದರ ಬಳಕೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇದ್ದ ಕಾಲ ಅದು. ಬೆರಳು ಹೋದದ್ದು ಸಾಕುಪ್ರಾಣಿಗಳ ಔಷಧದ ಕಡೆಗೆ. ನೀರಿನ ಹುಳುಗಳಿಗೆ ಈ ವಿಷ ತೀರಾ ಸ್ವಲ್ಪ ಇದ್ದರೂ ಸಾಕು. ಹುಳು ಹೋದರೆ ಮೀನು, ಕಪ್ಪೆಗೆ ಊಟ ಹೋಯ್ತು. ಶುಕ್ರವಾರ ಸಂಜೆ ಔಷಧ ಹಾಕಿ ಶನಿವಾರ ಬೆಳಿಗ್ಗೆ ಅಘನಾಶಿನಿಯಲ್ಲಿ ಈಜಿಸೋದು ಅಂದ್ರೆ ಇದೇ. ಔಷಧ ಬಿಡಿ ಅಂತ ನಾನು ಹೇಳ್ತಿಲ್ಲ, ಈ ಕಾಡಿಗೆ ಅದಿಲ್ಲದೆ ನಾಯಿ ತರಲೇಬಾರದು. ಆದರೆ ಹೊಟ್ಟೆಗೆ ಕೊಡೋ ಮಾತ್ರೆಯೂ ಇದೆ, ಹನಿ ಹಾಕಿದ ಮೇಲೆ ಎಷ್ಟು ದಿನ ನೀರಿಗೆ ಬಿಡಬಾರದು ಅನ್ನೋ ಲೆಕ್ಕವೂ ಇದೆ. ಹೊರಡೋ ಮೊದಲು ಪಶುವೈದ್ಯರನ್ನ ಎರಡು ನಿಮಿಷ ಕೇಳಿದರೆ ಗೊತ್ತಾಗುವಂಥದ್ದು. ಹೊಳೆ ಈಜಿನ ಹತ್ತು ರೀಲಿಗೆ ಒಂದರಲ್ಲಾದರೂ ಈ ಮಾತು ಬರಬೇಕಿತ್ತು.

ಘಟ್ಟ ಇಳಿದು ಕರಾವಳಿಗೆ ಬರೋಣ. ನದಿ ಸಮುದ್ರ ಸೇರೋ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರ್ತು, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅಂತ ಮಾನ್ಯತೆ. ಸುಮಾರು 4,800 ಹೆಕ್ಟೇರ್. ಉಪ್ಪುನೀರಲ್ಲೂ ಬೆಳೆಯೋ ಕಗ್ಗ ಭತ್ತದ ಗಜನಿ ಗದ್ದೆಗಳು, ಕಾಂಡ್ಲಾ ಕಾಡು, ಇಳಿತದ ಹೊತ್ತಲ್ಲಿ ಸೊಂಟದ ತನಕ ನೀರಲ್ಲಿ ನಿಂತು ಬಳಚು ಹೆಕ್ಕೋ ಜನ. ಚಳಿಗಾಲದಲ್ಲಿ ಸಾವಿರಾರು ಮೈಲಿ ಹಾರಿ ಬಂದ ಉಲ್ಲಂಕಿ, ಗೊರವದಂಥ ಹಕ್ಕಿಗಳು ಅದೇ ಇಳಿತದ ಹೊತ್ತಲ್ಲೇ ಕೆಸರಲ್ಲಿ ಮೇಯಬೇಕು. ಅವುಗಳ ಊಟದ ಟೈಮು ಅಷ್ಟೇ, ಉಬ್ಬರ ಬಂದ್ರೆ ಊಟದ ಎಲೆ ಎತ್ತಿದ ಹಾಗೆ. ಆ ಹೊತ್ತಿಗೆ ಸರಿಯಾಗಿ ನಾಯಿ ಬಿಟ್ಟು, ಹಿಂಡು ಹಿಂಡಾಗಿ ಹಕ್ಕಿ ಏಳೋದನ್ನ ಸ್ಲೋ ಮೋಷನ್‌ನಲ್ಲಿ ತೆಗೆಯೋದು ಈ ಪ್ರಕಾರದ ಮೆಚ್ಚಿನ ಶಾಟ್. ನೋಡೋಕೆ ಚೆನ್ನಾಗೇ ಇರುತ್ತೆ. ಹಕ್ಕಿಯ ಲೆಕ್ಕದಲ್ಲಿ ಅದು ಊಟಕ್ಕೆ ಕೂತವರನ್ನ ಎಬ್ಬಿಸಿ ಓಡಿಸಿದ್ದು, ಮತ್ತೆ ಮರಳಿ ಹಾರೋ ತನಕ ಮೈಯ ಕೊಬ್ಬು ಕರಗಿಸ್ಕೊಂಡಿದ್ದು. ಏಪ್ರಿಲ್ ಹೊತ್ತಿಗೆ ಅದು ಉತ್ತರಕ್ಕೆ ವಾಪಸ್ ಹಾರಬೇಕು.

ಮರಳಿನ ಮೇಲೂ ಅದೇ ಕತೆ. ಉತ್ತರ ಕನ್ನಡದ ತೀರದಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಗೂಡು ಅಗೆಯೋದರಲ್ಲಿ ನಾಯಿಗಿಂತ ನಿಪುಣರಿಲ್ಲ.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಬರುತ್ತೆ. 'ಅಲ್ಲ ಗುರೂ, ಊರ ನಾಯಿಗಳೇ ಬೀಚ್ ತುಂಬ ಓಡಾಡ್ತವೆ, ನನ್ನ ಒಂದು ಬೀಗಲ್‌ನಿಂದ ಏನು ಪ್ರಳಯ?' ನಿಜ, ಸಂಖ್ಯೆಯಲ್ಲಿ ಊರ ನಾಯಿಗಳೇ ಹೆಚ್ಚು, ಹಾನಿಯೂ ಅವುಗಳಿಂದಲೇ ಹೆಚ್ಚು ಇರಬಹುದು. ಆದರೆ ಆ ನಾಯಿಗಳಿಗೆ ಬೇರೆ ಊರಿಲ್ಲ, ಬೀಗಲ್‌ಗೆ ಇದೆ. ಮತ್ತೆ 'ಡಾಗ್ ಫ್ರೆಂಡ್ಲಿ' ಬೀಚಿನಲ್ಲಿ ಮೊದಲು ಕಲ್ಲೇಟು ತಿನ್ನೋದು ಯಾರು ಗಮನಿಸಿದ್ದೀರಾ? ಆ ಬೀಚಿನ ನಾಯಿಗಳು. ತಮ್ಮ ಜಾಗಕ್ಕೆ ಹೊಸ ನಾಯಿ ಬಂತು ಅಂತ ನಾಲ್ಕೈದು ಸೇರಿ ಬೊಗಳಿದರೆ, ಹಗ್ಗ ಹಿಡಿದವರು ಬಗ್ಗಿ ಕಲ್ಲು ಹುಡುಕ್ತಾರೆ, ಹೋಟೆಲಿನ ಹುಡುಗ ಕೋಲು ತಗೊಂಡು ಬರ್ತಾನೆ. ಇದಕ್ಕೆ ವಿರುದ್ಧದ್ದೂ ಇದೆ. ಬಿಸ್ಕೆಟ್ ಹಾಕಿ, ಹೆಸರಿಟ್ಟು, 'ನಮ್ಮ ಗೈಡ್' ಅಂತ ಒಂದು ಊರ ನಾಯಿಯನ್ನ ಕುಮಟಾ ಕಡೆಯಿಂದ ಗುಡ್ಡ ಹತ್ತಿಸಿ, ಇಳಿಸಿ, ಅಘನಾಶಿನಿಯಿಂದ ತದಡಿಗೆ ದೋಣಿ ದಾಟಿಸಿ, ಗೋಕರ್ಣದಲ್ಲಿ ಬಿಟ್ಟು ಬಸ್ ಹತ್ತೋದು. ಗೋಕರ್ಣದ ನಾಯಿಗಳ ನಡುವೆ ಅದರ ಆ ರಾತ್ರಿ ಹೇಗಿರುತ್ತೆ ಅನ್ನೋದು ಎಪಿಸೋಡಿನಲ್ಲಿ ಇರಲ್ಲ. ನಾಯಿಯನ್ನ ಪ್ರೀತಿಸೋ ಪ್ರಕಾರ ಅಂತ ಹೇಳ್ಕೊಳ್ಳೋದಕ್ಕೆ ಒಂದು ಜಾತಿಯ ನಾಯಿ ಮಾತ್ರ ಲೆಕ್ಕಕ್ಕೆ ಬರುತ್ತೆ.

ಆ ಜಾತಿಯ ನಾಯಿಗಾದರೂ ಈ ದಾರಿ ಹಿತವೇ? ಕುಮಟಾ–ಗೋಕರ್ಣ ನಡಿಗೆಯಲ್ಲಿ ಬೀಚ್ ಮುಗಿದ ಕೂಡಲೇ ಗುಡ್ಡ, ಗುಡ್ಡದ ನೆತ್ತಿಯಲ್ಲಿ ನೆರಳಿಲ್ಲದ ಮುರಕಲ್ಲು ಬಯಲು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ, ಅದು ತಣ್ಣಗಾಗೋದು ಮುಖ್ಯವಾಗಿ ಏದುಸಿರಿನಿಂದ. ಕರಾವಳಿಯ ತೇವದ ಗಾಳಿಯಲ್ಲಿ ಆ ಏದುಸಿರೂ ಸರಿಯಾಗಿ ಕೆಲಸ ಮಾಡಲ್ಲ. ಹಸ್ಕಿ, ಗೋಲ್ಡನ್‌ಗಳ ದಪ್ಪ ತುಪ್ಪಳ, ಪಗ್‌ಗಳ ಚಪ್ಪಟೆ ಮೂಗು ಸೇರಿದರೆ ಅರ್ಧ ಗಂಟೆಯಲ್ಲಿ ಜೀವಕ್ಕೇ ಬರಬಹುದು. ಅಂಗೈ ಹಿಂಭಾಗವನ್ನ ಕಲ್ಲಿನ ಮೇಲೆ ಐದಾರು ಸೆಕೆಂಡ್ ಇಡೋಕೆ ಆಗದಿದ್ದರೆ ನಾಯಿಯ ಪಾದಕ್ಕೂ ಆಗಲ್ಲ. ಬಾಯಾರಿದ ನಾಯಿ ಸಮುದ್ರದ ನೀರು ಕುಡಿದರೆ ವಾಂತಿ, ಭೇದಿ, ಇನ್ನಷ್ಟು ಒಣಗೋದು. ಕ್ಯಾಮೆರಾ ಮುಂದೆ ನಾಲಿಗೆ ಚಾಚಿದ ಆ ಮುಖವನ್ನ ನಾವು 'ಹ್ಯಾಪಿ ಡಾಗ್' ಅಂತ ಓದ್ತೀವಿ. ಮಧ್ಯಾಹ್ನ ಹನ್ನೆರಡಕ್ಕೆ ತೆಗೆದ ವಿಡಿಯೋದಲ್ಲಿ ಅದು ಬಹಳ ಸಲ ನಗು ಅಲ್ಲ.

ಇಷ್ಟು ಮುದ್ದು ಮಾಡೋ ನಾವು ಹೀಗೆ ಯಾಕೆ ಓದ್ತೀವಿ? ಕನ್ನಡದಲ್ಲೇ ಎರಡು ಮಾದರಿ ಇವೆ. ಒಂದು, 2022ರ '777 ಚಾರ್ಲಿ'. ಕಿರಣ್‌ರಾಜ್ ಅವರ ಈ ಸಿನಿಮಾ ನಾಯಿ ಮಾರುವ ದಂಧೆ, ಹಣಕ್ಕಾಗಿ ಹತ್ತಿರದ ಸಂಬಂಧದಲ್ಲೇ ಮರಿ ಹಾಕಿಸೋ ಕ್ರೌರ್ಯ ಇವನ್ನೆಲ್ಲ ಜನಪ್ರಿಯ ಚಿತ್ರವೊಂದರ ನಡುವಿಗೆ ತಂದಿದ್ದು ಸಣ್ಣ ಕೆಲಸವಲ್ಲ. ಕಾರ್ಖಾನೆ ಕೆಲಸದ ಒಂಟಿ ಧರ್ಮ ನಿಧಾನಕ್ಕೆ ಕರಗೋದನ್ನ ನೋಡಿ ಥಿಯೇಟರಲ್ಲಿ ಅಳದೇ ಇದ್ದವರು ಕಡಿಮೆ. ಆದರೆ ಅದರ ಎರಡನೇ ಅರ್ಧದ ಪಯಣ ನಿಂತಿರೋದು ಒಂದು ಊಹೆಯ ಮೇಲೆ: ನಾಯಿಗೆ ಹಿಮ ನೋಡೋ ಆಸೆ ಇದೆ. ಆಸೆಯನ್ನ ಓದಿದವನು ಮನುಷ್ಯ, ತೀರಿಸೋನೂ ಮನುಷ್ಯ. ದಾರಿಯುದ್ದಕ್ಕೂ ಬರೋ ಊರುಗಳು, ಬೆಟ್ಟಗಳು ಆ ಪ್ರೀತಿಗೆ ಹಿನ್ನೆಲೆ. ಸಾಯ್ತಿರೋ ನಾಯಿಯ ಕತೆಯಲ್ಲಿ ಇದನ್ನ ಒಪ್ಪಬಹುದು. ರೀಲುಗಳು ಕಲಿತದ್ದು ಮಾತ್ರ ಆ ಸೂತ್ರವನ್ನೇ: ನಾಯಿ ನಾಯಕ, ನಾವು ಅದರ ಆಸೆ ತೀರಿಸೋರು, ಜಾಗ ಪರದೆ.

ಇನ್ನೊಂದು ಮಾದರಿ ತೇಜಸ್ವಿಯವರ ಕಿವಿ. 'ಪರಿಸರದ ಕತೆ' ಓದಿದವರಿಗೆ ಆ ನಾಯಿ ಗೊತ್ತು. ಅಲ್ಲಿ ನಾಯಿಗೆ ದೊಡ್ಡ ಕನಸುಗಳಿಲ್ಲ, ಮೂಗಿದೆ. ಮನುಷ್ಯನಿಗೆ ಗೊತ್ತಾಗದ ಕಾಡಿನ ಸುದ್ದಿ ಅದರ ಮೂಗಿನಿಂದ ಬರುತ್ತೆ, ಅದರ ಜೊತೆಗೆ ಕಾಡೂ ಕತೆಯೊಳಗೆ ಬರುತ್ತೆ, ತನ್ನ ಹಕ್ಕಿ, ಹುಳು, ಜನ, ತಂಟೆ ಎಲ್ಲ ಸಮೇತ. ಆ ಬರಹದಲ್ಲಿ ಕೋವಿಯೂ ಇದೆ, ಶಿಕಾರಿಯೂ ಇದೆ. ಇವತ್ತು ಅದನ್ನ ಹಾಗೇ ಅನುಸರಿಸೋಕೆ ಆಗಲ್ಲ, ಆಗಬಾರದು ಕೂಡ. ಆದರೆ ನಾಯಿ ಜೊತೆ ನಡೆದವನು ಜಾಗದ ಬಗ್ಗೆ ಹೆಚ್ಚು ತಿಳ್ಕೊಂಡು ಬರಬೇಕು ಅನ್ನೋದು ಅಲ್ಲಿಂದ ಕಲಿಯಬಹುದಾದ ಪಾಠ. ನಮ್ಮ ರೀಲು ನೋಡಿ ಮುಗಿಸಿದಾಗ ಜಾಗದ ಬಗ್ಗೆ ತಿಳಿಯೋದು ಒಂದೇ, ಪಾರ್ಕಿಂಗ್ ಎಲ್ಲಿದೆ ಅಂತ.

ಬೇರೆ ಕಡೆ ಹೇಗೆ ಬರೀತಾರೆ? ಇಂಗ್ಲೆಂಡಿನ ಡೆವನ್, ಕಾರ್ನ್‌ವಾಲ್ ತೀರದುದ್ದಕ್ಕೂ 630 ಮೈಲಿಯ ಕಾಲುದಾರಿ ಇದೆ. ನದಿ ಕಣಿವೆಯಲ್ಲಿ ಇಳಿದು ಅದನ್ನ ಸೇರೋ ದಾರಿಗಳಲ್ಲಿ ನಾಯಿ ಜೊತೆ ನಡೆಯೋದು ಅಲ್ಲಿಯವರ ನಿತ್ಯದ ಅಭ್ಯಾಸ. ಅಲ್ಲಿನ ಒಳ್ಳೆಯ ಗೈಡುಗಳ ಅರ್ಧ ಭಾಗ 'ಬೇಡ'ಗಳೇ. ಈ ಬೀಚಿಗೆ ಮೇಯಿಂದ ಸೆಪ್ಟೆಂಬರ್‌ವರೆಗೆ ನಾಯಿ ಇಲ್ಲ. ಈ ಹೊಲದಲ್ಲಿ ದನ ಇದೆ. ಬಯಲು, ಗುಡ್ಡದಂಥ ಮುಕ್ತ ಜಾಗಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ, ಅಂದ್ರೆ ನೆಲದ ಮೇಲೆ ಹಕ್ಕಿ ಗೂಡು ಕಟ್ಟೋ ಕಾಲದಲ್ಲಿ, ಹಗ್ಗ 2 ಮೀಟರಿಗಿಂತ ಉದ್ದ ಇರಬಾರದು ಅಂತ 2000ನೇ ಇಸವಿಯ ಕಾನೂನೇ ಇದೆ. ಅದನ್ನ ಮುರಿಯೋರೂ ಬೇಕಾದಷ್ಟು ಜನ ಇದ್ದಾರೆ, ನದಿಗೆ ಔಷಧ ಸೇರಿದ್ದೂ ಅದೇ ದೇಶದಲ್ಲಿ. ಆದರೂ ಓದುಗನಿಗೆ ಎಲ್ಲಿ ಹೋಗಬಾರದು ಅಂತ ಗೊತ್ತಿರೋದರಿಂದಲೇ, ಹೋಗಬಹುದಾದ ಕಡೆ ಧೈರ್ಯವಾಗಿ ಹೋಗ್ತಾನೆ.

ನಿಯಮ ಅಂದ ಕೂಡಲೇ ನಮಗೆ ಮುಖ ಸಿಂಡರಿಸೋದು ಅಭ್ಯಾಸ. ಆದರೆ ಅಪಾರ್ಟ್‌ಮೆಂಟಿನಲ್ಲಿ ನಾಯಿಯನ್ನ ಲಿಫ್ಟಿಗೆ ಬಿಡಲ್ಲ ಅಂದಾಗ ನಾವೇ ಅಲ್ವಾ ಬೈಲಾ ತೋರ್ಸಿ, ಪ್ರಾಣಿ ಕಲ್ಯಾಣ ಮಂಡಳಿಯ ಸೂಚನೆ ತೋರ್ಸಿ ಅಂತ ಜಗಳಕ್ಕೆ ನಿಲ್ಲೋದು? ಬೆಂಗಳೂರಲ್ಲಿ ನಮಗೆ ಬರವಣಿಗೆಯಲ್ಲಿ ನಿಯಮ ಬೇಕು, ಯಾಕಂದ್ರೆ ಅಲ್ಲಿ ನಾವು ನಿವಾಸಿಗಳು. ಬಾಡ, ಕಾಗಾಲ, ಅಘನಾಶಿನಿಯ ಜನ ಅವರ ಊರಲ್ಲಿ ನಿವಾಸಿಗಳು. ಮೀನು ಒಣಗಿಸೋ ಅಂಗಳದಲ್ಲಿ ನಮ್ಮ ನಾಯಿ ಕಾಲೆತ್ತಿದಾಗ ಅಲ್ಲಿಯವರು ಸುಮ್ಮನಿದ್ದರೆ ಅದು ಮರ್ಯಾದೆ. ನಾವು ಅದನ್ನ 'ಲೋಕಲ್ಸ್ ಆರ್ ಸೋ ಚಿಲ್' ಅಂತ ಬರೆದು, ಮುಂದಿನ ವಾರ ಇನ್ನೂರು ಜನರನ್ನ ಕಳಿಸ್ತೀವಿ.

ಹಾಗಾದರೆ ಒಳ್ಳೆಯ ಬರಹ ಹೇಗಿರಬಹುದು? ಇದೇ ದಾರಿಗೆ ಸುಮಾರಾಗಿ ಹೀಗೆ. ಕಣಿವೆ ಭಾಗ: ಅಭಯಾರಣ್ಯದ ಕಾಡಿನೊಳಗೆ ನಾಯಿ ಬೇಡ. ಉಂಚಳ್ಳಿ ನೋಡಲೇಬೇಕು ಅಂದ್ರೆ ಇಬ್ಬರು ಹೋಗಿ ಬನ್ನಿ, ಒಬ್ಬರು ನಾಯಿ ಜೊತೆ ಸ್ಟೇಯಲ್ಲಿರಿ. ತೋಟದ ಮನೆಯಲ್ಲಿ ಉಳಿದರೆ ಯಜಮಾನರನ್ನ ಕೇಳಿ, ದನ ಕೊಟ್ಟಿಗೆಯಲ್ಲಿರೋ ಹೊತ್ತಿಗೆ ಊರ ರಸ್ತೆಯಲ್ಲಿ ಹಗ್ಗ ಹಿಡಿದು ನಡೀರಿ. ಡಿಸೆಂಬರ್‌ನಿಂದ ಮೇವರೆಗೆ ತರಗೆಲೆ ಮೇಲೆ ಬಿಡಬೇಡಿ, ವಾಪಸ್ ಬಂದು ಕಿವಿ, ಕಂಕುಳು, ಬೆರಳ ಸಂದು ನೋಡಿ, ನಿಮ್ಮದೂ ನೋಡ್ಕೊಳ್ಳಿ. ಕರಾವಳಿ ಭಾಗ: ಅಳಿವೆಯ ಕೆಸರಿಗೆ ನಾಯಿ ಬೇಡವೇ ಬೇಡ. ಬೀಚಿನಲ್ಲಿ ಬೆಳಿಗ್ಗೆ ಎಂಟರ ಒಳಗೆ ಅಥವಾ ಸಂಜೆ ಬಿಸಿಲು ಇಳಿದ ಮೇಲೆ, ಒದ್ದೆ ಮರಳಿನ ಮೇಲೆ, ಹಗ್ಗದಲ್ಲಿ. ಕುಮಟಾದಿಂದ ಗೋಕರ್ಣದ ಪೂರ್ತಿ ನಡಿಗೆ ನಾಯಿಗೆ ಬೇಡ, ಒಂದು ಬೀಚ್, ಒಂದು ಗುಡ್ಡ ಸಾಕು. ಲಸಿಕೆ ಕಾರ್ಡ್ ಜೇಬಲ್ಲಿರಲಿ, ರೇಬೀಸ್ ಮತ್ತು ಇಲಿಜ್ವರದ್ದೂ ಸೇರಿ. ಭಾನುವಾರ ಸಂಜೆ ಹತ್ತಿರದ ಪಶುವೈದ್ಯರು ಯಾರು ಸಿಗ್ತಾರೆ ಅಂತ ಹೊರಡೋ ಮೊದಲೇ ಫೋನ್ ಮಾಡಿ. ದೋಣಿಯಲ್ಲಿ ಜನ ತುಂಬಿದ್ದರೆ ಮುಂದಿನದಕ್ಕೆ ಕಾಯಿರಿ, ಪಕ್ಕದಲ್ಲಿ ಮೀನಿನ ಬುಟ್ಟಿ ಹಿಡಿದವರನ್ನ ಮೊದಲು ಕೇಳಿ. ಹಿಂದೆ ಬರೋ ಊರ ನಾಯಿಗೆ ಬಿಸ್ಕೆಟ್ ಹಾಕಿ ಕರ್ಕೊಂಡು ಹೋಗಬೇಡಿ. ಮಲ ಎತ್ತಿ ಚೀಲದಲ್ಲಿ ವಾಪಸ್ ತನ್ನಿ, ಮರಳಲ್ಲಿ ಹೂತು ಬರಬೇಡಿ.

ಇದಕ್ಕೆ ಗಿಟಾರ್ ಹೊಂದಲ್ಲ, ಸೇವ್ ಮಾಡೋರೂ ಕಡಿಮೆ ಇರಬಹುದು. ಆದರೆ ಇದನ್ನ ಓದಿ ಹೋದವರ ನಾಯಿ ಸೋಮವಾರ ಬೆಳಿಗ್ಗೆ ಡ್ರಿಪ್ ಹಾಕಿಸ್ಕೊಂಡು ಮಲಗಿರಲ್ಲ. ಹಾಗೇ, ಮುಂದಿನ ಸಲ ಆ ಊರಿನವರು ನಾಯಿ ಜೊತೆ ಬಂದವರನ್ನ ಕಂಡು ಗೇಟು ಹಾಕ್ಕೊಳ್ಳಲ್ಲ. ಒಂದೆರಡು ಕಡೆ ಈಗಾಗಲೇ ಹಾಕ್ಕೊಳ್ತಿದ್ದಾರೆ. ಕಾರಣ ಕೇಳಿದರೆ ನಾಯಿಯ ಬಗ್ಗೆ ಅವರಿಗೆ ದೂರಿಲ್ಲ, ಅದರ ಜೊತೆ ಬಂದವರ ಬಗ್ಗೆ ಇದೆ.